ಹನಿ ನಿಂತ ಜಾಗ

ಇಷ್ಟು ದಪ್ಪಗೆ ಬಣ್ಣ ಯಾಕೆ ಬಳಿದರು, ಲೂಧಿಯಾನಾದಿಂದ ರಿಪೇರಿಯಾಗಿ ಬಂದ ಟ್ರ್ಯಾಕ್ಟರಿನ ಡೀಸೆಲ್ ಪಂಪು ಹಬ್ಬಕ್ಕೆ ಹೊರಟಂತೆ ಹಸಿರಾಗಿ ಹೊಳೆಯುತ್ತಿದೆ, ನಛತ್ತರ್ ಸಿಂಗ್ ಅದನ್ನು ಎಂಜಿನ್ನಿಗೆ ಕೂರಿಸಿ ಬೋಲ್ಟುಗಳನ್ನು ಸಡಿಲವಾಗಿಯೇ ಬಿಟ್ಟು ಹುಡುಕುತ್ತಾನೆ, ಅಪ್ಪ, ಬಾಪೂ, ಉಳಿಯಿಂದ ಹೊಡೆದ ಗೀಟು ಎಲ್ಲಿ, ಅರ್ಧ ಎಂಜಿನ್ನಿನ ಮೇಲೆ, ಅರ್ಧ ಪಂಪಿನ ಮೇಲೆ, ಎರಡೂ ಕೂಡಿದರೆ ಒಂದೇ ಗೀಟು — ಎಂಜಿನ್ನಿನ ಅರ್ಧ ಇಲ್ಲೇ ಇದೆ, ಪಂಪಿನದು ಇಲ್ಲ, ಅಂದರೆ ಇದು ನಮ್ಮ ಪಂಪಲ್ಲ. ರಿಪೇರಿಗೆ ಒಯ್ದವನು ಪರಗಟ್, ಒಡಹುಟ್ಟಿದ ತಮ್ಮ, ಅಣ್ಣನನ್ನು ವೀರಾ ಅಂತಲೇ ಕರೆಯುವವನು, ಎರಡು ದಿನ ತಡವಾಗಿ ಬಂದ, ದಾರೀಲಿ ಮಾವನ ಮನೇಲಿ ಊಟ ಮಾಡ್ದೆ ವೀರಾ, ಅಂತ ಕೇಳುವ ಮೊದಲೇ ಹೇಳಿದ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹೆಣ್ಣು ಕೊಟ್ಟ ಆ ಮಾವನ ಅಂಗಳದಲ್ಲೂ ಇಂಥದೇ ಹಳೇ ಟ್ರ್ಯಾಕ್ಟರು, ಹೋದ ವರ್ಷದಿಂದ ಕೆಮ್ಮುತ್ತಿತ್ತು, ಈಗ ಕೆಮ್ಮುವುದಿಲ್ಲವೇನೋ. ಮನೆ ಪಾಲಾಯಿತು, ಅಂಗಳದ ನಡುವೆ ಗೋಡೆ ಬಂತು, ಎಮ್ಮೆಗಳು ಆಚೆ ಎರಡು ಈಚೆ ಎರಡು, ಈ ಟ್ರ್ಯಾಕ್ಟರೊಂದೇ ಇಬ್ಬರದಾಗಿ ಉಳಿದದ್ದು, ಇದೂ ಹೋದರೆ ಅಣ್ಣತಮ್ಮ ಅನ್ನುವುದಕ್ಕೆ ಉಳಿಯುವುದೇನು.

ಎಂಜಿನ್ನಿನ ಚಕ್ರ ಗುರುತಿಗೆ ಬಂತು ವೀರಾ, ಅನ್ನುತ್ತಾನೆ ಎಂಜಿನ್ ತಿರುಗಿಸುತ್ತಿರುವ ಪರಗಟ್, ಹಾಗೇ ಬಿಡು, ಅಲುಗಾಡಿಸಬೇಡ, ಅನ್ನುತ್ತಾನೆ ನಛತ್ತರ್, ಗೀಟಿಲ್ಲದ ಮೇಲೆ ಈಗ ಹನಿ ನೋಡಿಯೇ ಪಂಪನ್ನು ಕೂದಲೆಳೆಯಷ್ಟು ತಿರುಗಿಸಬೇಕು, ಮೊದಲ ಸಿಲಿಂಡರಿನ ಬಾಗಿದ ನಳಿಗೆಯಿಂದ ಡೀಸೆಲ್ ದಾರವಾಗಿ ಇಳಿದು, ಹನಿಯಾಗಿ, ಹನಿಗಳ ನಡುವೆ ತಡವಾಗಿ — ಹನಿ ನಿಂತ ಜಾಗವೇ ಸರಿಯಾದ ಜಾಗ, ಕಿವಿ ಸುಳ್ಳು ಹೇಳೀತು, ಹನಿ ಹೇಳಲ್ಲ ಕಣೋ, ಅನ್ನುತ್ತಿದ್ದ ಬಾಪೂ, ಇನ್ನೊಂದು ಹನಿ, ತಮ್ಮನ ಮುಖ ನೋಡಬಾರದು, ನೋಡಿದ, ಬಾಯಿ ತಡೆಯಲಿಲ್ಲ, ಬಾಪೂನ ಪಂಪು ನಿಮ್ಮ ಮಾವನ ಟ್ರ್ಯಾಕ್ಟರಲ್ಲಿ ಚೆನ್ನಾಗಿ ಓಡ್ತಿದೆಯೇನೋ. ಪರಗಟ್ ಎಂಜಿನ್ ತಿರುಗಿಸುತ್ತಿದ್ದ ಪಾನಾ ಕೆಳಗಿಟ್ಟ. ಒಂದು ಹೊತ್ತು ರೊಟ್ಟಿ ತಿಂದದ್ದು ಅಲ್ಲಿ, ಎರಡು ದಿನ ಕೂತಿದ್ದು ಲೂಧಿಯಾನಾದ ಆ ರಿಪೇರಿ ಅಂಗಡಿ ಮುಂದೆ, ಅವರೆಲ್ಲಿ ಪಂಪು ಬದಲಾಯಿಸ್ತಾರೋ ಅಂತ, ಇರಲಿ, ಟ್ರ್ಯಾಕ್ಟರು ನಿಂಗೇ ಇರಲಿ ವೀರಾ, ನನ್ನ ಹೊಲ ನಾನು ನೋಡ್ಕೋತೀನಿ. ಗೋಡೆಯ ಬಾಗಿಲು ದಾಟಿದ, ಆಚೆಯಿಂದ ಅಗುಳಿ ಬಿದ್ದ ಸದ್ದು, ಅದು ಇಷ್ಟು ವರ್ಷ ಯಾರೂ ಹಾಕದ ಅಗುಳಿ.

ಹೋಗಲಿ, ಕಳ್ಳನಿಗೇ ಸಿಟ್ಟು ಜಾಸ್ತಿ, ಇನ್ನೊಂಚೂರು ತಿರುಗಿಸಿದ, ಹನಿ ನಿಂತಿತು, ಬೋಲ್ಟು ಬಿಗಿದ, ಪಾನಾ ಜಾರಿ ಪಂಪಿನ ಅಂಚಿನ ಬಣ್ಣ ಹಕ್ಕಳೆಯಾಗಿ ಎದ್ದಿತು, ಕೆಳಗೇನೋ ಗೆರೆ, ಉಗುರಿನಿಂದ ಕೆರೆದ, ಉಳಿಯ ಏಟು, ಬಾಪೂನದೇ, ಎಂಜಿನ್ನಿನ ಅರ್ಧಕ್ಕೆ ನೆಟ್ಟಗೆ ಕೂಡಿಕೊಂಡು ಒಂದೇ ಗೀಟು — ಪರಗಟ್, ಅಂತ ಕೂಗಬೇಕು, ನಾಚಿಕೆ ಬಿಡುತ್ತಿಲ್ಲ, ಗೋಡೆಯಾಚೆ ಎಮ್ಮೆ ಒದರಿ ಸುಮ್ಮನಾಯಿತು, ನಳಿಗೆಯ ಬಾಯಲ್ಲಿ ಒಂದು ಹನಿ, ದಪ್ಪಗಾಗಿ, ಬೀಳದೆ, ನಿಂತೇ ಇದೆ