ಹದಿನಾಲ್ಕು ದಾಸವಾಳ, ಹನ್ನೊಂದು ಸೆಕೆಂಡು

ಎಲ್ಲಿಂದ ಶುರು ಮಾಡುವುದು? ಕ್ಯಾಮೆರಾದಿಂದ ಶುರು ಮಾಡಿದರೆ ಪತ್ತೇದಾರಿ ಕಥೆ ಎಂದುಕೊಳ್ಳುತ್ತೀರಿ. ದಾಸವಾಳದಿಂದ ಶುರು ಮಾಡಿದರೆ ಪದ್ಯವೆಂದು ಪುಟ ಮಗುಚುತ್ತೀರಿ. ಬಿ.ಎಸ್ಸಿ.ಯಲ್ಲಿ ಮೂರು ವರ್ಷ ಪ್ರಾಕ್ಟಿಕಲ್ ರೆಕಾರ್ಡ್ ಬರೆದವಳು ನಾನು; ಮೊದಲು ಬೇಕಾಗುವ ಸಾಮಗ್ರಿಗಳ ಪಟ್ಟಿ ಕೊಡುತ್ತೇನೆ. ಒಂದು ಕ್ಯಾಮೆರಾ, ಒಂದು ದಾಸವಾಳದ ಗಿಡ, ಒಂದು ವಾಟ್ಸ್ಆ್ಯಪ್ ಗ್ರೂಪ್, ಒಬ್ಬರು ವೀರಮ್ಮ.

(ಮನುಷ್ಯರನ್ನು ಸಾಮಗ್ರಿಗಳ ಜೊತೆ ಸೇರಿಸಿದ್ದು ತಪ್ಪು. ಪಟ್ಟಿಯಲ್ಲಿ ಇನ್ನೊಂದು ತಪ್ಪೂ ಇದೆ. ಸದ್ಯಕ್ಕೆ ಇರಲಿ.)

1

ವಿದ್ಯಾನಗರದ ನಮ್ಮ ರಸ್ತೆಯಲ್ಲಿ ಬೆಳಗಿನ ವಾಕಿಂಗ್ ಎಂದರೆ ಅರ್ಧ ನಡಿಗೆ, ಅರ್ಧ ಹೂವು. ಕಾಂಪೌಂಡಿನಿಂದ ಆಚೆ ಬಾಗಿದ ಕೊಂಬೆ ಎಲ್ಲರಿಗೂ ಸೇರಿದ್ದೆಂದು ನಡೆಯುವವರು ನಂಬುತ್ತಾರೆ. ಗಿಡಕ್ಕೆ ನೀರು ಹಾಕುವವರು ನಂಬುವುದಿಲ್ಲ. ನೀರು ಹಾಕುವ ಉಮಾಮಹೇಶ್ವರಿ, ನಿವೃತ್ತ ಹೈಸ್ಕೂಲ್ ಟೀಚರ್, ಕೊನೆಗೂ ಗೇಟಿಗೆ ಕ್ಯಾಮೆರಾ ಹಾಕಿಸಿದರು.

ಮಂಗಳವಾರ ಸಿಕ್ಕಿದ್ದು ಹನ್ನೊಂದು ಸೆಕೆಂಡಿನ ವಿಡಿಯೋ. ತಲೆಗೆ ಶಾಲು ಸುತ್ತಿಕೊಂಡ ಒಬ್ಬ ಹೆಂಗಸು, ಕೈಯಲ್ಲಿ ಕೊಕ್ಕೆ ಕೋಲು. ಗಿಡದಿಂದ ಹೋದದ್ದು ಹದಿನಾಲ್ಕು ಹೂವು. ಮುಖ ಕಾಣುವುದಿಲ್ಲ. ಸಮಯ 5:52.

ಉಮಾಮಹೇಶ್ವರಿ ಅದನ್ನು ರಸ್ತೆಯ ಗ್ರೂಪಿಗೆ ಹಾಕಿ ‘ಯಾರಿದು?’ ಎಂದು ಕೇಳಿದರು. ಎರಡು ಕಾರಿನ ಮನೆಯ ಜನಾರ್ದನ ಉತ್ತರಿಸಿದರು: ‘ಕೆಲಸದವಳ ಥರ ಕಾಣ್ತಾಳೆ. ನಮ್ಮ ವೀರಮ್ಮ ಅಲ್ವಾ? ಬಸ್ ಫ್ರೀ ಆದ್ಮೇಲೆ ಎಷ್ಟೊತ್ತಿಗೆ ಬೇಕಾದ್ರೂ ಬರ್ತಾರೆ ಬಿಡಿ.’ ಅದರ ಕೆಳಗೆ ಹನ್ನೆರಡು ಹೆಬ್ಬೆರಳು.

ವೀರಮ್ಮ ದಿನಾ ಭದ್ರಾವತಿಯಿಂದ ಬಂದು ಈ ರಸ್ತೆಯ ನಾಲ್ಕು ಮನೆಗಳಲ್ಲಿ ಕೆಲಸ ಮಾಡುತ್ತಾರೆ. ಸಂಜೆಯೊಳಗೆ ಉಮಾಮಹೇಶ್ವರಿಯವರದೂ ಜನಾರ್ದನರದೂ ಸೇರಿ ಮೂರು ಮನೆಯವರು ಶುಕ್ರವಾರದಿಂದ ಬರಬೇಡ ಎಂದರು. ನಾಲ್ಕನೆಯದು ನಮ್ಮ ಮನೆ. ಬರಬೇಡ ಎಂದು ನಾನು ಹೇಳಲಿಲ್ಲ. ಅವರಲ್ಲ ಎಂದೂ ಹೇಳಲಿಲ್ಲ.

2

ವೀರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಮೆಟ್ಟಿಲ ಮೇಲೆ ಕುಸಿದರು. ಬಡತನ ಅವರ ಹರಿದ

2 (ಮತ್ತೆ)

“ನಾನ್ಯಾಕೆ ಕುಸೀಬೇಕು ಮೇಡಂ?” ಎಂದರು ವೀರಮ್ಮ, ನನ್ನ ಹೆಗಲ ಮೇಲಿಂದ ಪುಟ ನೋಡುತ್ತಾ.

“ಕಥೆಗೆ ಬೇಕಾಗುತ್ತೆ ವೀರಮ್ಮ.”

“ಹರಿದಿದ್ದು ಯಾವುದು? ಭದ್ರಾವತೀಲಿ ನಂದು ಸ್ವಂತ ಮನೆ. ತಾರಸಿದು. ಎರಡನೇ ಮಹಡೀಲಿ ಬಾಡಿಗೆಗೆ ಇರೋರು ನೀವು.”

“ಹಾಗಾದರೆ ನಾಲ್ಕರಲ್ಲಿ ಮೂರು ಮನೆ ಹೋದರೆ ನಿಮಗೇನು ಕಷ್ಟ?”

“ಮನೆ ಹೋದ್ರೆ ಇನ್ನೊಂದು ಹುಡುಕ್ತೀನಿ. ಕಳ್ಳಿ ಅನ್ನೋ ಹೆಸರು ಬಂದ್ರೆ? ನಿಮ್ಮ ಗ್ರೂಪಿಂದ ಇನ್ನೊಂದು ಗ್ರೂಪಿಗೆ ಹೋಗಕ್ಕೆ ಆ ಹೆಸರಿಗೆ ಬಸ್ಸೂ ಬೇಡ. ಆಮೇಲೆ ಶಿವಮೊಗ್ಗದಲ್ಲಿ ಯಾರು ಒಳಗೆ ಬಿಟ್ಕೋತಾರೆ? ಮಗಳ ನರ್ಸಿಂಗ್ ಓದು ಇನ್ನೂ ಎರಡು ವರ್ಷ ಇದೆ.”

ಬರೆದ ಸಾಲನ್ನು ಹೊಡೆದು ಹಾಕಿದೆ. ಯಾರೂ ಕುಸಿಯಲಿಲ್ಲ.

3

ಬುಧವಾರ ವೀರಮ್ಮ ಉಮಾಮಹೇಶ್ವರಿಯವರ ಗೇಟಿನಲ್ಲಿ ನಿಂತು ತಮ್ಮ ಫೋನಿನ ಹಿಂದಿನ ಕವರ್ ಬಿಚ್ಚಿದರು. ಒಳಗೆ ಅಮ್ಮನವರ ಸಣ್ಣ ಪಟ, ಆಧಾರ್ ಜೆರಾಕ್ಸ್, ಮಡಿಸಿಟ್ಟ ಬಸ್ ಟಿಕೆಟ್‌ಗಳು. ಒಂದನ್ನು ಬಿಡಿಸಿದರು. ಮಂಗಳವಾರದ್ದು. ಭದ್ರಾವತಿಯಿಂದ ಶಿವಮೊಗ್ಗ, ಮಹಿಳೆ, ಸೊನ್ನೆ ರೂಪಾಯಿ. ಸಮಯ 6:04.

ಗಡಿಯಾರವಿರುವ ಯಾವ ಉಪಕರಣವನ್ನೂ ಪರೀಕ್ಷಿಸದೆ ನಂಬಬಾರದು. ಅಲ್ಲೇ ಇದ್ದ ನಾನು ಕ್ಯಾಮೆರಾದ ಸಮಯವನ್ನು ನನ್ನ ಫೋನಿನ ಜೊತೆ ಹೋಲಿಸಿದೆ. ಒಂಬತ್ತು ನಿಮಿಷ ಹಿಂದಿತ್ತು. ಅಂದರೆ ಹೂವು ಕಿತ್ತದ್ದು 6:01ಕ್ಕೆ. ವಿದ್ಯಾನಗರದಲ್ಲಿ ದಾಸವಾಳ ಕಿತ್ತು ಮೂರೇ ನಿಮಿಷದಲ್ಲಿ ಭದ್ರಾವತಿಯಲ್ಲಿ ಬಸ್ ಹತ್ತಬೇಕು. ದೂರ ಸುಮಾರು ಹದಿನೆಂಟು ಕಿಲೋಮೀಟರ್. ವೇಗ ಗಂಟೆಗೆ ಮುನ್ನೂರ ಅರವತ್ತು. ನಮ್ಮ ರಸ್ತೆಗಳ ಬಗ್ಗೆ ನಿಮಗೆ ಗೊತ್ತಿದೆ.

ಜನಾರ್ದನ ಕಾರು ಒರೆಸುವುದನ್ನು ಬಿಟ್ಟು ಬಂದರು. “ಟಿಕೆಟ್ ಮೇಲೆ ಹೆಸರೇ ಇಲ್ವಲ್ಲ. ಯಾರದ್ದಾದ್ರೂ ಆಗಬಹುದು.”

“ವಿಡಿಯೋದಲ್ಲಿ ಮುಖ ಇತ್ತಾ ಜನಾರ್ದನ ಅವ್ರೇ?” ಎಂದರು ಉಮಾಮಹೇಶ್ವರಿ. “ನೀವು ಕೇಳ್ಲಿಲ್ಲ. ನಾನು ಮೂವತ್ತು ವರ್ಷ ಪಾಠ ಮಾಡಿದೋಳು, ನಾನೂ ಕೇಳ್ಲಿಲ್ಲ.”

ಅವರು ಅಲ್ಲೇ ವಿಡಿಯೋ ಅಳಿಸಿ, ‘ವೀರಮ್ಮ ಅಲ್ಲ. ತಪ್ಪು ನನ್ನದು’ ಎಂದು ಗ್ರೂಪಿಗೆ ಬರೆದರು. ಈ ಸಲ ಹೆಬ್ಬೆರಳು ನಾಲ್ಕು. ಒಳಗಿನಿಂದ ಕಾಫಿ ತಂದರು, ಎಂದಿನ ಸ್ಟೀಲ್ ಲೋಟ ಬಿಟ್ಟು ತಾವು ಕುಡಿಯುವ ಕಪ್ಪಿನಲ್ಲಿ. ವೀರಮ್ಮ ಕಪ್ಪನ್ನು ಒಮ್ಮೆ ತಿರುಗಿಸಿ ನೋಡಿದರು. ಮೆಟ್ಟಿಲ ಮೇಲೆ ಕುಳಿತು ದೀರ್ಘವಾಗಿ ಉಸಿರು ಬಿಟ್ಟರು. (ಕುಸಿದದ್ದಲ್ಲ, ಕುಳಿತದ್ದು.) ನನಗೂ ಎದೆ ಹಗುರಾಯಿತು.

“ಶುಕ್ರವಾರದಿಂದ್ಲೂ ಎಂದಿನಂತೆ ಬಾ” ಎಂದರು ಜನಾರ್ದನ.

“ಎಲ್ಲರ ಮನೆಗೂ ಬರ್ತೀನಿ ಸಾರ್. ನಿಮ್ಮನೆಗೆ ಬರಲ್ಲ” ಎಂದರು ವೀರಮ್ಮ, ಸಾವಕಾಶವಾಗಿ ಕಾಫಿ ಆರಿಸುತ್ತಾ. ಆಮೇಲೆ ನನ್ನ ಕಡೆ ತಿರುಗಿ, “ಇದನ್ನ ಬರ್ಕೊಳ್ಳಿ ಮೇಡಂ.”

ಬರೆದುಕೊಂಡೆ.

ಅಂತ್ಯ, ಒಂದು

ಶಾಲಿನೊಳಗಿದ್ದವರು ಜನಾರ್ದನರ ಅತ್ತೆ. ನಿಮಗೆ ಖುಷಿಯಾಗುತ್ತದೆ. ಅದಕ್ಕೇ ಕೈಬಿಟ್ಟೆ. ಎರಡು ಕಾರು ಇರುವವರ ಮೇಲೆ ನನಗೆಷ್ಟು ಬೇಗ ಅನುಮಾನ ಬಂತು ನೋಡಿ.

ಅಂತ್ಯ, ಇನ್ನೊಂದು

ಯಾರೆಂದು ಗೊತ್ತಾಗಲೇ ಇಲ್ಲ, ಮಳೆಗಾಲ ಬಂತು, ಎಲ್ಲರೂ ಮರೆತರು. ಘನತೆಯ ಅಂತ್ಯ. ಇದನ್ನೇ ಇಟ್ಟುಕೊಳ್ಳುವವಳಿದ್ದೆ. ಅಷ್ಟರಲ್ಲಿ ನಮ್ಮ ಮನೆಯ ನೆಲ ಒರೆಸುತ್ತಿದ್ದ ವೀರಮ್ಮ ದೇವರ ಗೂಡಿನ ಮುಂದೆ ನಿಂತರು.

“ನಿಮ್ಮ ಬಾಲ್ಕನೀಲಿ ಬಟ್ಟೆ ಒಣಗಿಸೋ ತಂತಿ ಬಿಟ್ರೆ ಏನೂ ಇಲ್ಲ. ಮಂಗಳವಾರ ಇಲ್ಲಿ ದಾಸವಾಳ ಇತ್ತು.”

“ಮಾರ್ಕೆಟ್ಟಿಂದ ತಂದಿದ್ದು.”

“ಸೇವಂತಿಗೆ ಮಾರ್ತಾರೆ, ಕಾಕಡ ಮಾರ್ತಾರೆ. ಸಂಜೆಗೆ ಮುದುಡೋ ದಾಸವಾಳನ ಯಾರು ಮಾರ್ತಾರೆ ಮೇಡಂ?”

ಪ್ರಾಕ್ಟಿಕಲ್ ರೆಕಾರ್ಡಿನ ಕೊನೆಯಲ್ಲಿ ‘ಫಲಿತಾಂಶ’ ಎಂದು ಬರೆದು ಅಡಿಗೆರೆ ಹಾಕಬೇಕು. ಅಡಿಗೆರೆ ಹಾಕಿದ್ದೇನೆ. ಮೇಲೆ ಏನೂ ಬರೆದಿಲ್ಲ. ಮೊದಲಿನ ಪಟ್ಟಿಯಲ್ಲಿ ಬಿಟ್ಟಿದ್ದ ಒಂದು ಸಾಮಗ್ರಿಯನ್ನು ಮಾತ್ರ ಸೇರಿಸಿದ್ದೇನೆ: ಒಂದು ಕೊಕ್ಕೆ ಕೋಲು, ನನ್ನದು.

“ವೀರಮ್ಮ, ಇದನ್ನೂ ಬರ್ಕೊಳ್ಳಬೇಕಾ?”

ಅವರು ಒರೆಸುವ ಬಟ್ಟೆ ಹಿಂಡಿ, ಬಕೆಟ್ಟನ್ನು ಮುಂದಕ್ಕೆ ತಳ್ಳಿದರು.

“ನಿಮ್ಮಿಷ್ಟ. ನಾನಂತೂ ಯಾವ ಗ್ರೂಪಲ್ಲೂ ಇಲ್ಲ. ಸ್ವಲ್ಪ ಕಾಲು ಎತ್ತಿ.”