ಚೀಟಿ ಕೀಳುತ್ತಿದ್ದ ಕರೆವ್ವ

ಕರೆವ್ವನ ಮನೆಯಲ್ಲಿ ಯಾವ ಡಬ್ಬಿಯ ಮೇಲೂ ಚೀಟಿ ಇರುತ್ತಿರಲಿಲ್ಲ. ಕೊಬ್ಬರಿ ಎಣ್ಣೆ, ಉಪ್ಪಿನಕಾಯಿ, ಕೆಮ್ಮಿನ ಔಷಧ, ಎಲ್ಲವನ್ನೂ ತಂದ ದಿನವೇ ನೀರಲ್ಲಿ ನೆನೆಸಿ, ಉಗುರಿನಿಂದ ಕೆರೆದು ಬೋಳು ಮಾಡಿಡುತ್ತಿದ್ದಳು. ಅವುಗಳ ನಡುವೆ ಎಚ್‌ಐವಿ ಗುಳಿಗೆಯ ಡಬ್ಬಿಯೊಂದೇ ಬೋಳಾಗಿ ಕಾಣಬಾರದೆಂಬುದು ಅದಕ್ಕೆ ಕಾರಣ. ಸಂಪಗಾಂವದ ಶಾಲೆಯಲ್ಲಿ ಅವಳು ಬಿಸಿಯೂಟ ಮಾಡುತ್ತಿದ್ದಳು, ನಾನು ಪಾಠ ಹೇಳುತ್ತಿದ್ದೆ. ಆದರೂ ಇದು ತಿಳಿಯಲು ನನಗೆ ಆರು ವರ್ಷ ಹಿಡಿಯಿತು.

ಗಂಡ ಅದೇ ರೋಗದಿಂದ ತೀರಿಕೊಂಡ ಮೇಲೆ ಅವಳ ನಡಿಗೆಯೇ ಬದಲಾಗಿತ್ತಂತೆ. ಸೆರಗನ್ನು ಬಿಗಿಯಾಗಿ ಹೊದ್ದು, ಗೋಡೆಗೆ ತಾಗಿ, ಯಾರೋ ಬೆನ್ನ ಹಿಂದೆ ಇದ್ದಾರೆಂಬಂತೆ ಬಿರಬಿರನೆ ನಡೆಯುತ್ತಿದ್ದಳು. ಗುಳಿಗೆಗೆಂದು ಹತ್ತಿರದ ಬೈಲಹೊಂಗಲಕ್ಕೆ ಹೋಗದೆ, ಪರಿಚಯದವರು ಸಿಗಬಾರದೆಂದು ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ರಾಮದುರ್ಗದವರೆಗೆ ಹೋಗುತ್ತಿದ್ದಳು. ಅಡುಗೆಯಿಂದ ಈ ರೋಗ ಹರಡುವುದಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕಾಯಿಪಲ್ಲೆ ಹೆಚ್ಚುವ ಕೆಲಸ ಮಾತ್ರ ಬೇರೆಯವರಿಗೇ. ಯಾಕೆಂದು ಒಮ್ಮೆ ಕೇಳಿದೆ.

"ಈಳಗಿಗೂ ನನಗೂ ಮಾತಿಲ್ರಿ ಅಕ್ಕೋರ, ನಿಮಗೂ ಹೆಡ್ ಮಾಸ್ತರಗೂ ಇದ್ದಂಗ," ಎಂದು ನಗಿಸಿ ತೇಲಿಸಿಬಿಟ್ಟಳು. ಬೆರಳು ಕೊಯ್ದು ರಕ್ತ ಬಿದ್ದರೆ ಎಂದೇ ಅವಳು ಈಳಿಗೆ ಮುಟ್ಟುತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು.

ಊರಿಗೆ ಗೊತ್ತಾದ ದಿನ ತನ್ನ ಕೈಯ ಅನ್ನವನ್ನು ಒಂದು ಮಗುವೂ ಮುಟ್ಟುವುದಿಲ್ಲ ಎಂಬುದೊಂದೇ ಅವಳ ಅಂಜಿಕೆ. ಎದೆಯಲ್ಲಿ ಗಂಟು ಕೈಗೆ ಸಿಕ್ಕಾಗಲೂ ಮೊದಲು ನೆನಪಾದದ್ದು ಸಾವಲ್ಲ. ಆಪರೇಷನ್ನಿಗೆ ಮುಂಚೆ ರಕ್ತ ತಪಾಸಣೆ ಮಾಡುತ್ತಾರೆ, ವಿಷಯ ಊರಿಗೆ ಹಬ್ಬುತ್ತದೆ ಎಂಬುದು. ಅಂದು ಉಗ್ರಾಣದ ಬಾಗಿಲು ಮುಚ್ಚಿ ನನಗೆ ಎಲ್ಲವನ್ನೂ ಹೇಳಿದಳು. ನಾಲ್ಕು ಪುಸ್ತಕ ಓದಿದ ನಾನು, ವಾರ್ಷಿಕ ಪರೀಕ್ಷೆ ಮುಗಿಯಲಿ, ರಜೆಯಲ್ಲಿ ಯಾರಿಗೂ ಸಂಶಯ ಬಾರದಂತೆ ಹೋಗಿಬರೋಣ ಎಂದೆ. ಐದು ತಿಂಗಳು ಹಾಗೇ ಕಳೆದವು.

ದೊಡ್ಡ ಆಸ್ಪತ್ರೆಯಲ್ಲಿ ಹರಿಪ್ರಿಯಾ ಎಂಬ ಎಳೆಯ ಡಾಕ್ಟರು, ಕ್ಯಾನ್ಸರೆಂದು ತೆಗೆದ ಗಂಟಿನಿಂದ ಉಗುರಿನಷ್ಟು ತುಣುಕನ್ನು ಸಂಶೋಧನೆಗೆ ಕೊಡುವಿರಾ ಎಂದು ಕೇಳಿದರು. ಮೈಯ ಪ್ರತಿ ಜೀವಕೋಶದಲ್ಲೂ ಜೀನುಗಳು, ಅಂದರೆ ವಂಶವಾಹಿಗಳು, ಇರುತ್ತವೆ. ಕ್ಯಾನ್ಸರಿನಲ್ಲಿ ಕೆಲವು ಮಿತಿಮೀರಿ ದುಡಿಯುತ್ತವೆ, ಕೆಲವು ಮಂಕಾಗಿ ಕೂರುತ್ತವೆ. ಮೈಯಲ್ಲಿ ಎಚ್‌ಐವಿ ಇದ್ದಾಗ ಈ ಏರುಪೇರು ಬೇರೆ ರೀತಿ ಆಗುತ್ತದೆಯೇ ಎಂಬುದು ಅವರ ಹುಡುಕಾಟ. ಎರಡೂ ಇರುವ ಹೆಂಗಸರು ತುಣುಕು ಕೊಡುವುದೇ ಅಪರೂಪ ಎಂದರು.

ಕರೆವ್ವ ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡು ಕೇಳಿದಳು. "ಹದಿನಾಕ ವರ್ಷದಾಗ ಒಂದು ಗುಳಿಗಿ ತಪ್ಪಿಸಿಲ್ರಿ ಡಾಕ್ಟರ್ ಬಾಯಾರ. ಆದ್ರೂ ಅದು ಒಳಗ ಕುಂತು ಇದನ್ನ ಎಬ್ಬಿಸಿತೇನ್ರಿ?"

ಹರಿಪ್ರಿಯಾ ಸುಳ್ಳು ಸಮಾಧಾನ ಹೇಳಲಿಲ್ಲ. "ಗೊತ್ತಿಲ್ರಿ. ಅದನ್ನ ತಿಳ್ಕೊಳ್ಳಿಕ್ಕೇ ಕೇಳ್ಲಿಕ್ಕೆ ಹತ್ತೀನಿ."

"ಹೆಸರು?"

"ಹೆಸರು ಇರೂದಿಲ್ಲ. ಬರೇ ನಂಬರ್ ಅದ."

ನಂಬರೊಂದೇ ಎಂದು ಇನ್ನೊಮ್ಮೆ ಹೇಳಿಸಿಕೊಂಡು ಸಹಿ ಮಾಡಿದಳು.

ಆಸ್ಪತ್ರೆಗೆ ಹೋದದ್ದೇ ತಡವಾಗಿತ್ತು. ಮುಂದಿನ ಆಷಾಢದಲ್ಲಿ ಕರೆವ್ವ ತೀರಿಹೋದಳು. ಒಂದು ತುಣುಕಿನಿಂದ ಏನನ್ನೂ ಹೇಳಲಾಗದು, ಇನ್ನೂ ಬಹಳ ಮಂದಿಯದು ಬೇಕು ಎಂದು ಹರಿಪ್ರಿಯಾ ಫೋನಿನಲ್ಲಿ ಹೇಳಿದರು. ಅವಳ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ. ಮಣ್ಣು ಮಾಡುವಾಗ ಇಡೀ ಊರು ಬಂದಿತ್ತು. ಎಂಥ ಸಾರು ಮಾಡುತ್ತಿದ್ದಳು ಎಂದು ತಾಯಂದಿರು ಕಣ್ಣೊರೆಸಿಕೊಂಡರು. ನಾನು ಬಾಯಿ ಬಿಡಲಿಲ್ಲ.

ಹೀಗೆ ಅಂಜಿ ಬದುಕಿದವರು ತಮ್ಮ ಅಂಜಿಕೆಯನ್ನು ಮಣ್ಣಿಗೆ ಒಯ್ಯುವುದಿಲ್ಲ. ಗುಟ್ಟು ಬಲ್ಲವರ ಬಳಿ ಬಿಟ್ಟುಹೋಗುತ್ತಾರೆ. ಇಷ್ಟೆಲ್ಲ ಬರೆದೆ. ಆದರೆ ಅವಳ ಹೆಸರು ಕರೆವ್ವ ಅಲ್ಲ, ಅವಳ ಊರು ಸಂಪಗಾಂವವೂ ಅಲ್ಲ.