ತೊಳೆದ ಮರಿಗೆ

ದೋಣಿಯ ಹುಟ್ಟಿನ ತುದಿಯಿಂದ ಒಂದು ಹನಿ ಜಾರಿ ಸರೋವರಕ್ಕೆ ಬಿತ್ತು, ಇನ್ನೊಂದು ಬೀಳಬೇಕೋ ಬೇಡವೋ ಎಂದು ತೂಗುತ್ತಿದೆ — ಹೀಗೆಯೇ, ಸರಿಯಾಗಿ ಹೀಗೆಯೇ ಆ ಮರಿಗೆಯ ಅಂಚಿನಿಂದಲೂ ನೀರು ತೊಟ್ಟಿಕ್ಕುತ್ತಿತ್ತು, ಸೌನಾದ, ಆ ಹಬೆಸ್ನಾನದ ಮನೆಯ, ಮೆಟ್ಟಿಲ ಮೇಲೆ ಬೋರಲು ಹಾಕಿದ್ದ, ರೊಟ್ಟಿ ಹಿಟ್ಟು ಕಲಸುವ ಮರದ ಮರಿಗೆ, ಸಿಪ್ಪೆ ಸುಲಿದ ಬರ್ಚ್ ಕೊಂಬೆಯಷ್ಟು ಬಿಳಿ, ಅಷ್ಟೇ ಬೆತ್ತಲೆ, ಹಿಲ್ಕಾ ಕಾಡಿನಿಂದ ನೀಲಿ ಹಣ್ಣು ಆರಿಸಿ ತಂದ ಬಕೆಟ್ಟನ್ನು ಕೆಳಗಿಡುವುದನ್ನೂ ಮರೆತು ನಿಂತಿದ್ದಳು, ಎದುರಿಗೆ ಮಿರ್ಯಾ, ತಮ್ಮನ ಹೆಂಡತಿ, ಮೊಣಕೈವರೆಗೆ ನೊರೆ, ಮುಖದ ತುಂಬ ನಗು: ನಿಂಗೊಂದು ಖುಷಿ ಕೊಡೋಣ ಅಂದ್ಕೊಂಡೆ ಹಿಲ್ಕಾ, ಎಷ್ಟು ವರ್ಷದ ಕೊಳೆ ಇತ್ತು ಗೊತ್ತಾ ಅದ್ರಲ್ಲಿ, ಬಿಸಿನೀರು, ಸೋಪು, ತಂತಿ ಬ್ರಷ್ಷು, ಭುಜ ಬಿದ್ದೇ ಹೋಯ್ತು, ಈಗ ನೋಡು, ಅಂಗಡಿಯಿಂದ ತಂದ ಹಾಗಿಲ್ವಾ. ಕೊಳೆಯಂತೆ! ಆ ಬೂದು ಪೊರೆಗೆ ಕೊಳೆಯೆಂದು ಹೆಸರು! ಪ್ರತಿ ಸಲವೂ ಹಿಟ್ಟು ತೆಗೆದ ಮೇಲೆ ಮರಿಗೆಯ ಒಳಗೋಡೆಗೆ ಅಂಟಿ ಒಣಗಿದ್ದನ್ನು ಹಾಗೆಯೇ ಬಿಡುವುದು, ಮುಂದಿನ ಶುಕ್ರವಾರ ಉಗುರುಬೆಚ್ಚಗಿನ ನೀರು ಸುರಿದು ಒಂದು ಹಿಡಿ ರೈ ಧಾನ್ಯದ ಹಿಟ್ಟು ಉದುರಿಸುವುದು, ಮಲಗಿದ್ದ ಹೆಪ್ಪು ಮೈಮುರಿದು ಏಳುವುದು, ಬೆಳಗಾಗುವುದರೊಳಗೆ ಮರಿಗೆಯ ತುಂಬ ಸಣ್ಣಗೆ ಉಸಿರಾಡುವ ಗುಳ್ಳೆಗಳು — ಆ ಉಸಿರನ್ನು ಸೋಪಿನಿಂದ ತಿಕ್ಕಿ ತೆಗೆದು, ಮೇಲೆ ಬಿಸಿಲಿಗೂ ಇಟ್ಟಿದ್ದಾಳೆ, ಒಂದು ಕಣವೂ ಉಳಿಯದಿರಲೆಂದು. ಅದಕ್ಕೆ ಹಿಲ್ಕಾ ಅಂದದ್ದೇನು? ಬೆಳ್ಳಗಾಗಿದೆ, ಅಂದಳು. ಅಷ್ಟೇ. ಬೆಳ್ಳಗಾಗಿದೆ! ಮಿರ್ಯಾ ಅದನ್ನು ಹೊಗಳಿಕೆ ಎಂದುಕೊಂಡು ಅವಳನ್ನು ತಬ್ಬಿಕೊಂಡಳು, ನೊರೆಯ ಕೈಯಿಂದಲೇ, ಬೆನ್ನಿನ ಮೇಲೆ ಇನ್ನೂ ತೇವವಿದೆ, ಗಾಳಿ ಬೀಸಿದಾಗಲೆಲ್ಲ ತಣ್ಣಗೆ ತಾಗುತ್ತದೆ.

ಎಳೆ, ಇನ್ನೂ ಬಲವಾಗಿ ಎಳೆ, ಆದರೆ ಹುಟ್ಟು ಹಾಕುವವರಿಗೆ ಹೋಗುವ ದಡ ಬೆನ್ನ ಹಿಂದೆ, ಬಿಟ್ಟ ದಡವೇ ಕಣ್ಣ ಮುಂದೆ, ಎಷ್ಟು ದೂರ ಎಳೆದರೂ ಮೆಟ್ಟಿಲ ಮೇಲಿನ ಆ ಬಿಳಿ ಚುಕ್ಕೆ ಅವಳನ್ನೇ ನೋಡುತ್ತಿದೆ. ಬಂದ ದಿನದಿಂದ ಮಿರ್ಯಾಳ ಬಾಯಲ್ಲಿ ಒಂದೇ ಮಾತು, ಸರಳ, ಸರಳ — ಆಹಾ ಎಷ್ಟು ಸರಳ ಬದುಕು ನಿಂದು ಹಿಲ್ಕಾ, ಕೈಯಾರೆ ಸುಟ್ಟ ರೊಟ್ಟಿ, ಈ ನೀರು, ಈ ಮೌನ, ನಮ್ಮ ಹೆಲ್ಸಿಂಕಿಯಲ್ಲಿ ಇದನ್ನೆಲ್ಲ ಮರೆತೇಬಿಟ್ಟಿದ್ದೀವಿ ಕಣೇ. ಮೌನವನ್ನು ಹೊಗಳುವುದಕ್ಕೂ ಇಷ್ಟು ಮಾತೇ? ಶನಿವಾರ ಬೆಳಿಗ್ಗೆ ಹಿಟ್ಟು ಉಬ್ಬುವವರೆಗೆ ಹಿಲ್ಕಾ ಕಾಫಿ ಹಿಡಿದು ದೋಣಿಕಟ್ಟೆಯ ತುದಿಯಲ್ಲಿ ಕೂರುತ್ತಾಳೆ, ಉಗುರ ಸಂದಿಯಲ್ಲಿ ಹಿಟ್ಟು, ಮೂಗಿನಲ್ಲಿ ಹುಳಿ ವಾಸನೆ, ಮಂಜಿನ ಆಚೆ ಎಲ್ಲೋ ನೀರುಕೋಳಿಯ ಕೂಗು, ಯಾರೂ ಏನೂ ಕೇಳುವುದಿಲ್ಲ, ಏನೂ ಹೇಳಬೇಕಾಗಿಲ್ಲ, ಎದೆಯಲ್ಲಿ ಒಂದು ದೊಡ್ಡ ಪ್ರಾಣಿ ಕಾಲು ಚಾಚಿ ಮಲಗಿದಂತೆ ಆಗುತ್ತದೆ, ಅದಕ್ಕೆ ಹೆಸರಿರಲಿಲ್ಲ, ಹೆಸರಿಲ್ಲದ್ದರಿಂದಲೇ ಅದು ಇಷ್ಟು ದಿನ ಬಾಳಿತು, ಮಿರ್ಯಾ ಬಂದ ಮೇಲೆ ಅವಳೂ ಪಕ್ಕದಲ್ಲಿ ಕಂಬಳಿ ಹೊದ್ದು ಕೂತು ಪಿಸುಗುಟ್ಟುತ್ತಾಳೆ, ಇದೇ ಅಲ್ವಾ ಆನಂದ ಅಂದ್ರೆ — ಪ್ರಾಣಿ ಎದ್ದು ಹೋಗುತ್ತದೆ. ಸರಳವಂತೆ! ಸರಳವಾಗಿದ್ದರೆ ಯುದ್ಧದ ಆ ವರ್ಷ ಶತ್ರುವಿನ ಪಾಲಾದ ಕರೇಲಿಯಾದ ಮನೆ ಬಿಟ್ಟು ಹೊರಟ ದಿನ ಅಮ್ಮ ಗೋಡೆ ಗಡಿಯಾರವನ್ನು ಓಡುತ್ತಿದ್ದ ಹಾಗೆಯೇ ಬಿಟ್ಟು, ಮದುವೆಯ ತಟ್ಟೆಗಳನ್ನೂ ಬಿಟ್ಟು, ಮರಿಗೆಯನ್ನು ಗಾಡಿಗೇರಿಸಿ ತನ್ನ ಶಾಲನ್ನು ಅದಕ್ಕೆ ಹೊದಿಸುತ್ತಿದ್ದಳೇ? ಅಪ್ಪ ರೇಗಿದ್ದನಂತೆ, ಏ, ಇದ್ಯಾಕೆ ಹೊರ್ತೀಯ, ಮರ ಅಲ್ಲೂ ಸಿಗುತ್ತೆ. ಮರ ಸಿಗುತ್ತೆ, ಅಂದಳಂತೆ ಅಮ್ಮ, ಶಾಲನ್ನು ಇನ್ನಷ್ಟು ಬಿಗಿದಳಂತೆ. ಊರು ಗಡಿಯಾಚೆ ಉಳಿಯಿತು, ಮನೆ ಆಚೆ ಉಳಿಯಿತು, ಹೆಪ್ಪು ಮಾತ್ರ ಈಚೆಗೆ ಬಂತು, ಫಿರಂಗಿಗಳಿಗೆ ಸಿಗದ್ದು ಪಾತ್ರೆ ತೊಳೆಯುವ ಸೋಪಿಗೆ ಸಿಕ್ಕಿತು.

ಮತ್ತೆ ಈ ತೌನೋ! ತನ್ನ ಗಂಡನೆನಿಸಿಕೊಂಡವನು ಬಲೆಯ ಗಂಟು ಬಿಡಿಸುತ್ತ ತಲೆಯನ್ನೂ ಎತ್ತಲಿಲ್ಲ: ಹೋಗ್ಲಿ ಬಿಡೇ, ಒಡೆದೇನೂ ಹಾಕಿಲ್ವಲ್ಲ. ಮಿರ್ಯಾಗೆ ಹೇಗೋ ವಿಷಯ ತಿಳಿದು ಮುಖ ಸಣ್ಣಗೆ ಮಾಡಿಕೊಂಡು ಬಂದಳು, ಅಯ್ಯೋ, ಈಸ್ಟು ಪೊಟ್ಟಣದಲ್ಲೇ ಸಿಗುತ್ತಲ್ಲ, ನಾನೇ ತಂದ್ಕೊಡ್ತೀನಿ, ಇಲ್ಲಾಂದ್ರೆ ಹಿಟ್ಟಿಗೆ ನೀರು ಕಲಸಿಟ್ರೆ ತಾನಾಗೇ ಹುಳಿ ಬರುತ್ತಂತೆ. ಬರುತ್ತದೆ, ಹಿಲ್ಕಾಳಿಗೂ ಗೊತ್ತು, ಒಂದು ವಾರದಲ್ಲಿ ಯಾವ ಹಿಟ್ಟಾದರೂ ಹುಳಿಯುತ್ತದೆ, ಆದರೆ ಅದು ಯಾರದೋ ಹುಳಿ, ಅಮ್ಮನದ್ದಲ್ಲ. ಅಮ್ಮನದ್ದು ಈಗ ಭೂಮಿಯ ಮೇಲೆ ಒಂದೇ ಕಡೆ ಇದೆ, ಬೆನ್ನ ಹಿಂದಿನ ಆ ದಡದಲ್ಲಿ, ನೆರೆಯವಳು ಲೆಂಪಿಯ ಮನೆಯಲ್ಲಿ — ಕಳ್ಳಿ! ಅಮ್ಮನನ್ನು ಮಣ್ಣು ಮಾಡಿ ಬಂದ ದಿನ, ಮನೆ ತುಂಬ ಕಪ್ಪು ಬಟ್ಟೆಯವರು, ಹಿಲ್ಕಾ ಉಗ್ರಾಣದ ಬಾಗಿಲು ತೆರೆದರೆ ಒಳಗೆ ಲೆಂಪಿ, ಕಾಫಿ ಕಪ್ಪು ಒಂದು ಕೈಯಲ್ಲಿ, ಚಮಚ ಇನ್ನೊಂದರಲ್ಲಿ, ಮರಿಗೆಯ ಗೋಡೆಯನ್ನು ಕೆರೆಯುತ್ತಿದ್ದಾಳೆ. ನಾಚಿಕೆಯಾದರೂ ಪಟ್ಟಳೇ? ಕೇಳಿದ್ರೆ ನೀನು ಕೊಡ್ತಿರ್ಲಿಲ್ಲ ಕಣೇ, ಅಂದಳು. ಕೊಡುತ್ತಿರಲಿಲ್ಲ, ನಿಜವೇ, ಹೆಪ್ಪು ಹೊಸಿಲು ದಾಟಕೂಡದು ಎಂದೇ ಅಮ್ಮ ಹೇಳುತ್ತಿದ್ದಳು, ಕೊಡದಿದ್ದದ್ದನ್ನು ಕದಿಯಬಹುದೇ? ಅವತ್ತಿನಿಂದ ಮಾತಿಲ್ಲ, ಚರ್ಚಿನಲ್ಲಿ ಎದುರಾದರೂ ತಲೆದೂಗಿದ್ದಿಲ್ಲ, ಶನಿವಾರ ಲೆಂಪಿಯ ಚಿಮಣಿಯಿಂದ ಹೊಗೆ ಎದ್ದರೆ ಹಿಲ್ಕಾ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂರುತ್ತಿದ್ದಳು, ಅಮ್ಮನ ವಾಸನೆ ಆ ಹಾಳು ಚಿಮಣಿಯಲ್ಲಿ ಏಕೆ ಬರಬೇಕು ಎಂದು. ಈಗ ಅದೇ ಕದ್ದ ಹೆಪ್ಪನ್ನು ಬೇಡಲು ಎನಾಮೆಲ್ ಲೋಟ, ಮುಚ್ಚಳ ಸಮೇತ, ದೋಣಿಯ ಹಲಗೆಯ ಮೇಲೆ ಕೂತು ಕಟಕಟ ಸದ್ದು ಮಾಡುತ್ತಿದೆ, ಸುಮ್ಮನಿರಬಾರದೇ ಇದು — ಕಳ್ಳಿ ಬಾಳಿಸಿದಳು, ಪ್ರೀತಿಸಿದವಳು ಕೊಂದಳು, ಇದು ಯಾವ ಸೀಮೆಯ ನ್ಯಾಯ, ಯಾರ ಮೇಲೆ ಕೂಗಬೇಕು, ಕೂಗಿದರೆ ಈ ನೀರಿನ ಮೇಲೆ ಎರಡು ದಡಕ್ಕೂ ಕೇಳುತ್ತದೆ.

ದೋಣಿಯ ಮೂತಿ ಜೊಂಡಿಗೆ ಉಜ್ಜಿತು, ಲೆಂಪಿಯ ಕಟ್ಟೆಗೆ ತಾಗಿತು, ಹಲಗೆಯ ಮೇಲೆ ಹೆಜ್ಜೆ, ಭಾರವಾದ, ಎಳೆಯುವ ಹೆಜ್ಜೆ, ಲೆಂಪಿಗೆ ಇಷ್ಟು ವಯಸ್ಸಾಯಿತೇ, ತಿರುಗಿ ನೋಡಬೇಕು, ಕೊಡು ಎನ್ನಬೇಕು, ಒಂದೇ ಮಾತು, ಅಷ್ಟು ಚಿಕ್ಕ ಮಾತು, ಅವಳು ಹುಟ್ಟನ್ನು ಎತ್ತಿ ಮಂಡಿಯ ಮೇಲಿಟ್ಟುಕೊಂಡಳು. ಆಗ್ಲಿಂದ ನೋಡ್ತಿದ್ದೀನಿ, ನಿನ್ನ ಮೆಟ್ಟಿಲ ಮೇಲೆ ಬೆಳ್ಳಗೆ ಏನೋ ಹೊಳೀತಿದೆ, ಎಂದಿತು ಬೆನ್ನ ಹಿಂದಿನ ದನಿ, ಆಮೇಲೆ ಲೋಟವನ್ನು ಕಂಡಿರಬೇಕು, ಹಿಟ್ಟಿನ ವಾಸನೆ ಹತ್ತಿರ ಬಂತು, ಹುಳಿ, ಬೆಚ್ಚಗೆ, ಅಮ್ಮನ ಏಪ್ರನ್ನಿನದ್ದೇ — ಯಾವಳೇ ತೊಳೆದದ್ದು? ಆ ದನಿಯಲ್ಲಿ ನಗುವಿಲ್ಲ, ಹಂಗಿಸುವಿಕೆ ಇಲ್ಲ, ಇರುವುದು ಸಿಟ್ಟು, ಹಿಲ್ಕಾಳದ್ದೇ ಸಿಟ್ಟು, ಇನ್ನೊಬ್ಬರ ಬಾಯಲ್ಲಿ, ಕದ್ದವಳ ಬಾಯಲ್ಲಿ, ಅದನ್ನೂ ಕದ್ದಳೇ, ಲೋಟವನ್ನು ದೋಣಿಯ ಹಲಗೆಯಿಂದ ಎತ್ತಿಕೊಂಡ ಸದ್ದು, ಹೆಜ್ಜೆಗಳು ಮನೆಯ ಕಡೆಗೆ, ಅವಳು ತಿರುಗಲಿಲ್ಲ, ತಿರುಗಲಾರಳು, ಹುಟ್ಟು ಮಂಡಿಯ ಮೇಲಿದೆ, ನೀರು ನಿಂತಿದೆ, ನೀರಿನ ಆಚೆ ಸೌನಾದ ಮೆಟ್ಟಿಲು, ಮೆಟ್ಟಿಲ ಮೇಲೆ ಮರಿಗೆ, ಬೋರಲು, ಬೆಳ್ಳಗೆ, ಅಂಚಿನಲ್ಲಿ ಒಂದು ಹನಿ, ಇಷ್ಟು ದೂರದಿಂದ ಹನಿ ಕಾಣುವುದಿಲ್ಲ, ಕಾಣುತ್ತಿದೆ, ತೂಗುತ್ತಿದೆ, ಬೆಳ್ಳಗೆ —